ಗೋದಲಿಯಲ್ಲಿ ಎಮ್ಮೆ ಯಾಕಿಲ್ಲ?

ಮುಂಬಯಿಗೆ ಚಳಿ ಮೊದಲು ಬರುವುದು ಪತ್ರಿಕೆಗೆ. ಮೈಗೆ ಬರುವುದು ಆಮೇಲೆ, ಬಂದರೆ. ಸಾಂತಾಕ್ರೂಜ್‌ನಲ್ಲಿ ಪಾದರಸ 16 ಡಿಗ್ರಿಗೆ ಇಳಿಯಿತೆಂದು ಓದಿದ ದಿನ ಮಧ್ಯಾಹ್ನವೇ ಬಿಸಿಲು 30ರ ಗಡಿ ದಾಟಿರುತ್ತದೆ. ಆದರೂ ಮರುದಿನ ಬೆಳಗಿನ ಬೊರಿವಲಿ ಲೋಕಲ್‌ನಲ್ಲಿ ಮಂಕಿ ಕ್ಯಾಪು, ಮಫ್ಲರು, ಮೊಣಕಾಲ ತನಕ ಇಳಿಬಿದ್ದ ಶಾಲು ಎಲ್ಲವೂ ಹಾಜರು. ಇದಕ್ಕೆ ಚಳಿಯನ್ನು ದೂರಬಾರದು. ಹನ್ನೊಂದು ತಿಂಗಳು ನುಸಿಗುಳಿಗೆಯ ಜೊತೆ ಕತ್ತಲೆಯಲ್ಲಿ ಕಳೆದ ಸ್ವೆಟರಿಗೂ ಒಂದು ದಿನ ಹೊರಗೆ ಹೋಗಿ ಬರಬೇಕೆನಿಸುವುದು ನ್ಯಾಯವೇ. ಈ ಊರಿನ ಹವಾಮಾನದ ಕಡತದಲ್ಲಿ ಎದೆಯುಬ್ಬಿಸಿ ತೋರಿಸಬಹುದಾದ ಚಳಿ ಒಂದೇ: 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ ದಾಖಲಾದ 7.4 ಡಿಗ್ರಿ. ಅಂದಿನಿಂದ ಊರು ಅದರ ಬಡ್ಡಿಯಲ್ಲೇ ಕಾಲ ಹಾಕುತ್ತಿದೆ. ಮನುಷ್ಯರ ಮಟ್ಟಿಗೆ ಮುಂಬಯಿಯ ಚಳಿಗಾಲ ಒಂದು ನಂಬಿಕೆ. ನಿಜವಾಗಿ ಅದನ್ನು ಉಣ್ಣುವ ಜೀವ ಎಮ್ಮೆ. ಕಪ್ಪು ಚರ್ಮ, ಬಿಸಿಲನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಬೆವರಿ ತಣಿಯೋಣವೆಂದರೆ ಬೆವರಿನ ಗ್ರಂಥಿಗಳು ಹಸುವಿಗಿಂತ ತೀರಾ ಕಡಿಮೆ. ಮೇ ತಿಂಗಳಲ್ಲಿ ಅದು ಕೆಸರಿಗಾಗಿ, ಕೆಸರಿಲ್ಲದಿದ್ದರೆ ತಬೇಲಾದ (ಮುಂಬಯಿಯಲ್ಲಿ ಎಮ್ಮೆಯ ಕೊಟ್ಟಿಗೆಗೆ ಇದೇ ಹೆಸರು) ರಬ್ಬರು ಪೈಪಿನ ನೀರಿಗಾಗಿ ಬಾಯಿಬಿಡುವುದನ್ನು ನಾವು ಸೋಮಾರಿತನವೆಂದು ಬರೆದುಕೊಂಡಿದ್ದೇವೆ. ಡಿಸೆಂಬರಿನ ತಂಗಾಳಿ ಬೀಸಿತೆಂದರೆ ಅದೇ ಎಮ್ಮೆಗೆ ಮೇವು ರುಚಿಸುತ್ತದೆ, ಮೆಲುಕು ನಿಧಾನವಾಗುತ್ತದೆ, ಕೆಚ್ಚಲು ತುಂಬುತ್ತದೆ.

ಸರಿಯಾಗಿ ಅದೇ ಹೊತ್ತಿಗೆ ಬಾಂದ್ರಾದ ರಣವಾರ್, ಗಿರಗಾಂವ್‌ನ ಖೋತಾಚಿವಾಡಿ, ಮಜಗಾಂವ್‌ನ ಮಾಥರ್‌ಪಕಾಡಿ, ಮಲಾಡಿನ ಓರ್ಲೆಮ್, ಖಾರಿಯಾಚೆಯ ಗೊರಾಯಿ, ಮನೋರಿಗಳಲ್ಲಿ ಬಿದಿರುಕಡ್ಡಿಯ ನಕ್ಷತ್ರಗಳು ತೂಗುತ್ತವೆ. ದೀಪಾವಳಿಯ ಕಂದೀಲು ಇಳಿಸಿ ತಿಂಗಳೊಂದಾಗುವಷ್ಟರಲ್ಲಿ ಅದರ ಅಣ್ಣನೋ ತಮ್ಮನೋ ಮೇಲೇರಿರುತ್ತಾನೆ. ನಕ್ಷತ್ರದ ಕೆಳಗೆ ಹುಲ್ಲು ಹಾಸಿ, ಗೋಣಿಚೀಲಕ್ಕೆ ಬಣ್ಣ ಬಳಿದು ಬೆಟ್ಟ ಮಾಡಿ, ಕನ್ನಡ ಕ್ರೈಸ್ತರು ಗೋದಲಿಯೆಂದೂ ಮರಾಠಿಯವರು ಗೋಠಾ ಎಂದೂ ಕರೆಯುವ ಕೊಟ್ಟಿಗೆಯನ್ನು ಕಟ್ಟುತ್ತಾರೆ. ಒಳಗೆ ಯಾರಿದ್ದಾರೆ ನೋಡಿ. ಮರಿಯಮ್ಮ, ಜೋಸೆಫ್, ಶಿಶು. ಒಂದು ಎತ್ತು, ಒಂದು ಕತ್ತೆ. ಕುರಿಗಳು. ಮೂವರು ಜ್ಞಾನಿಗಳ ಹಿಂದೆ ಒಂಟೆಗಳು. ಈ ಮಹಾನಗರದಲ್ಲಿ ಒಂಟೆಯ ಹಾಲು ಕುಡಿದು ಕಚೇರಿಗೆ ಹೋಗುವವರು ಯಾರೂ ಇದ್ದಂತಿಲ್ಲ. ಕತ್ತೆಯ ಉಪಕಾರವೂ ಮುಂಬಯಿಗೆ ಅಷ್ಟಕ್ಕಷ್ಟೆ. ಊರಿಗೆಲ್ಲ ಚಹಾ ಕುಡಿಸುವ, ಕ್ರಿಸ್‌ಮಸ್ ಹಬ್ಬದ ತಟ್ಟೆಯನ್ನೇ ಅರ್ಧ ತುಂಬಿಸುವ ಎಮ್ಮೆಗೆ ಮಾತ್ರ ಅಲ್ಲಿ ಕೊಂಬಿಡುವಷ್ಟೂ ಜಾಗವಿಲ್ಲ. ಮುಂಬಯಿಯ ಗೋದಲಿಯಲ್ಲಿ ಎಮ್ಮೆ ನಿಲ್ಲಬೇಕು ಎಂಬುದು ನನ್ನ ವಾದ. ನಗುವವರು ನಗಲಿ, ವಾದ ಮಾತ್ರ ದಾಖಲೆ ಸಮೇತ ಇದೆ.

ಮೊದಲ ತಕರಾರು ಶಾಸ್ತ್ರದ್ದು: ಬೈಬಲಿನಲ್ಲಿ ಎಮ್ಮೆ ಎಲ್ಲಿದೆ? ಇಲ್ಲ. ಆದರೆ ಆ ಕಥೆಯಲ್ಲಿ ಎತ್ತು ಎಲ್ಲಿದೆ, ಕತ್ತೆ ಎಲ್ಲಿದೆ? ಲೂಕನ ಸುವಾರ್ತೆ ಹೇಳುವುದು ಶಿಶುವನ್ನು ಗೋದಲಿಯಲ್ಲಿ ಮಲಗಿಸಿದರು ಎಂದಷ್ಟೇ. ಆ ಗೋದಲಿಯಲ್ಲಿ ಮೇಯುತ್ತಿದ್ದವರು ಯಾರು ಎಂಬುದನ್ನು ಲೂಕ ಬರೆದಿಡಲಿಲ್ಲ. ತನ್ನ ಒಡೆಯನನ್ನು ಎತ್ತು ಬಲ್ಲದು, ಕತ್ತೆಯೂ ಬಲ್ಲದು ಎಂಬರ್ಥದ ಮಾತೊಂದು ಹಳೆಯ ಒಡಂಬಡಿಕೆಯ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಅದನ್ನು ಹಿಡಿದುಕೊಂಡು 4ನೆಯ ಶತಮಾನದ ಶಿಲ್ಪಿಗಳು ಇವೆರಡನ್ನೂ ಕೊಟ್ಟಿಗೆಗೆ ಒಳಬಿಟ್ಟರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ನಿಜವಾದ ಕತ್ತೆ ಕಟ್ಟಿ ಗೋದಲಿಯ ಪದ್ಧತಿಗೆ ನಾಂದಿ ಹಾಡಿದ. ಅಂದರೆ ಇವರ ನೇಮಕಾತಿ ಮೂಲ ಪಠ್ಯದಲ್ಲಿ ಆದದ್ದಲ್ಲ, ಆಮೇಲೆ ಆದದ್ದು. ಸ್ಥಳೀಯವಾಗಿ ಸಿಗುವವರಲ್ಲಿ ಯೋಗ್ಯರನ್ನು ನೋಡಿ ಆದದ್ದು. ಗ್ರೆಚ್ಚೊದಲ್ಲಿ ಸಿಕ್ಕಿದ್ದು ಎತ್ತು. ಗೋರೆಗಾಂವ್‌ನಲ್ಲಿ ಸಿಗುವುದು ಎಮ್ಮೆ. ಫ್ರಾನ್ಸಿಸ್ ಮಹಾಶಯ ಪಶ್ಚಿಮ ರೈಲ್ವೆಯಲ್ಲಿ ಬಂದಿಳಿದಿದ್ದರೆ ಏನು ಮಾಡುತ್ತಿದ್ದ ಎಂಬುದು ದೊಡ್ಡ ಒಗಟೇನಲ್ಲ.

ಭೂಗೋಳದ ತಕರಾರು ಇದಕ್ಕಿಂತ ಸ್ವಲ್ಪ ಗಟ್ಟಿ. ಬೆತ್ಲೆಹೇಮಿನ ಕಡೆ ಎಮ್ಮೆಯೇ ಇರಲಿಲ್ಲವಲ್ಲ, ಸುಳ್ಳು ಹೇಗೆ ಹೇಳುವುದು? ಸುಮಾರು 4,200 ವರ್ಷಗಳ ಹಿಂದಿನ, ಪಶ್ಚಿಮ ಏಷ್ಯಾದ ಅಕ್ಕಾದಿನ ಮುದ್ರೆಯೊಂದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನೀರು ಕುಡಿಯುತ್ತಿರುವ ಜೋಡಿ ಪ್ರಾಣಿಗಳು ಯಾವ ಗೌಳಿಗನೂ ಗುರುತಿಸಬಲ್ಲ ಎಮ್ಮೆಯ ಜಾತಿಯವು. ಸಿಂಧೂ ಕಣಿವೆಯ ಕಡೆಯಿಂದ ಹಡಗು ಹತ್ತಿ ಹೋದ ವಲಸಿಗರು. ಇನ್ನು 8ನೆಯ ಶತಮಾನದಲ್ಲಿ ಪವಿತ್ರ ಭೂಮಿಗೆ ಯಾತ್ರೆ ಹೋದ ಸಂತ ವಿಲಿಬಾಲ್ಡ್, ಜೋರ್ಡಾನ್ ನದಿಯ ಮೂಲದ ಹತ್ತಿರ, ಸೆಕೆಗೆ ತಲೆಯೊಂದನ್ನು ಬಿಟ್ಟು ಮೈಯೆಲ್ಲ ನೀರಲ್ಲಿ ಮುಳುಗಿಸಿ ಕೂರುವ ವಿಚಿತ್ರ ದನಗಳನ್ನು ಕಂಡು ಬೆರಗಾದ. ಪಾಪ, ಅವನಿಗೆ ಎಮ್ಮೆಯ ಪರಿಚಯವಿರಲಿಲ್ಲ. ಒಪ್ಪಿದೆ, ಇದು ಕ್ರಿಸ್ತ ಹುಟ್ಟಿ ಏಳುನೂರು ವರ್ಷದ ಮೇಲಿನ ಮಾತು, ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷಿ ಅಲ್ಲ. ಆದರೆ ಭೂಗೋಳದ ನಿಷ್ಠೆಯನ್ನು ಎಮ್ಮೆಯೊಂದರಿಂದ ಮಾತ್ರ ಕೇಳುವುದು ಯಾವ ನ್ಯಾಯ? ಅದೇ ಗೋದಲಿಯ ಸೂರಿನ ಮೇಲೆ ಕ್ರಾಫರ್ಡ್ ಮಾರ್ಕೆಟ್ಟಿನಿಂದ ತಂದ ಹತ್ತಿಯ ಹಿಮ ಬಿದ್ದಿರುತ್ತದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಪೈನ್ ಮರ ನಿಂತಿರುತ್ತದೆ. ಬಾದಾಮಿಯಲ್ಲಿ ಮಾಡಬೇಕಾದ ಮಾರ್ಜಿಪಾನ್ ಮುಂಬಯಿಗೆ ಬಂದು ಗೇರುಬೀಜದ್ದಾಗಿ ಎಷ್ಟೋ ಕಾಲವಾಯಿತು. ಸೀಬೆಹಣ್ಣನ್ನು ಸಕ್ಕರೆಯೊಂದಿಗೆ ಕಾಯಿಸಿ ಹೆಪ್ಪುಗಟ್ಟಿಸಿದ ಸಿಹಿಗೆ, ಹಾಲಿನ ಒಂದು ಹನಿಯೂ ಇಲ್ಲದಿದ್ದರೂ, ಪೇರು ಚೀಸ್ ಎಂದು ಹೆಸರಿಟ್ಟವರು ಎಮ್ಮೆಯ ವಿಷಯದಲ್ಲಿ ಮಾತ್ರ ಸತ್ಯಹರಿಶ್ಚಂದ್ರರಾದರೆ ಹೇಗೆ?

ಇನ್ನು ಸೇವೆಯ ದಾಖಲೆ. ಎಮ್ಮೆ ಎಲ್ಲ ತಿಂಗಳೂ ಒಂದೇ ಸಮನೆ ಕರು ಹಾಕುವ ಪ್ರಾಣಿಯಲ್ಲ. ಸುಮಾರು 310 ದಿನ ಗರ್ಭ ಹೊತ್ತು, ಹೆಚ್ಚಿನವು ಮಳೆಗಾಲ ಮತ್ತು ಚಳಿಗಾಲದ ನಡುವೆ ಈಯುತ್ತವೆ. ಆದ್ದರಿಂದ ಡಿಸೆಂಬರ್ ಎಂದರೆ ಹಾಲಿನ ಸುಗ್ಗಿ. ದಾದರದ ಅಂಗಡಿಗಳಲ್ಲಿ ಖರ್ವಸ ಎಂಬ ಹೆಸರಿನಲ್ಲಿ ಚೌಕ ಚೌಕವಾಗಿ ಕೂತಿರುವುದು ನಮ್ಮ ಗಿಣ್ಣೇ. ಏಲಕ್ಕಿ ಕೇಸರಿ ಹಾಕಿಸಿಕೊಂಡು ಊರು ಬಿಟ್ಟು ಬಂದಿದೆ. ತಬೇಲಾದ ದಿನ ಶುರುವಾಗುವುದು ನಡುರಾತ್ರಿ ಕಳೆದ ಮೇಲೆ, ಮೊದಲ ಲೋಕಲ್ ಕೂಗುವ ಮುನ್ನ. ಒಂದು ಹಳದಿ ಬಲ್ಬು, ಅದರ ಸುತ್ತ ಮೇವಿನ ದೂಳು. ಎರಡು ಸಾಲಿನಲ್ಲಿ ಬೆನ್ನು ತಿರುಗಿಸಿ ನಿಂತ ಕಪ್ಪು ಮೈಗಳಿಂದ ಏಳುವ ಹಬೆ. ಹಿಂಡಿಯ ಬಾಂಡ್ಲಿ ಮುಂದಿಟ್ಟಾಗ ಮೊದಲು ಅಲ್ಲಾಡುವುದು ಕಿವಿ, ಆಮೇಲೆ ಬಾಲ. ಕರುವನ್ನು ಎರಡು ಗುಟುಕಿಗೆ ಬಿಟ್ಟು ಎಳೆದುಕೊಂಡ ಮೇಲೆ, ಮೊಣಕಾಲ ನಡುವೆ ಬಕೆಟ್ಟು ಸಿಕ್ಕಿಸಿಕೊಂಡ ಕೈಗಳಿಗೆ ಕೆಲಸ. ಖಾಲಿ ಬಕೆಟ್ಟಿನ ತಳಕ್ಕೆ ಬೀಳುವ ಧಾರೆ ಮೊದಲು ತಗಡಿನ ಸದ್ದು ಮಾಡುತ್ತದೆ. ನೊರೆ ಏರಿದಂತೆ ಆ ಸದ್ದು ದಪ್ಪಗಾಗಿ ಕೊನೆಗೆ ಉಸಿರಿನಷ್ಟೇ ಉಳಿಯುತ್ತದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದು, ಎಮ್ಮೆಗಳ ತಲೆಯ ಮೇಲಿನ ಅಟ್ಟದಲ್ಲೇ ಮಲಗೆದ್ದು ಬದುಕುವ ಭಯ್ಯಾಗಳು, ಮಾಲೀಕನ ಮನೆಮಂದಿ, ಹರಿಯಾಣದಿಂದಲೂ ಗುಜರಾತಿನಿಂದಲೂ ಬಂದ ಎಮ್ಮೆಗಳು: ತಬೇಲಾದ ಕುಟುಂಬವೆಂದರೆ ಇಷ್ಟು. ಇದರಲ್ಲಿ ಯಾರಿಗೂ ಡಿಸೆಂಬರ್ 25ರ ರಜೆ ಇಲ್ಲ. ರಾತ್ರಿಯ ಪೂಜೆ ಮುಗಿಸಿ, ಹೊಸ ಬೂಟು ಕಚ್ಚಿದ ಕಾಲನ್ನು ಎಳೆಯುತ್ತ ಜನ ಮನೆಗೆ ಮರಳುವ ಹೊತ್ತಿಗೆ ಇಲ್ಲಿ ಬಕೆಟ್ಟು ತೊಳೆಯುವ ಸದ್ದು. ಅದೇ ಲೂಕನ ಪ್ರಕಾರ ಶುಭವಾರ್ತೆ ಮೊದಲು ಮುಟ್ಟಿದ್ದು ರಾಜರಿಗಲ್ಲ, ಪುರೋಹಿತರಿಗಲ್ಲ, ರಾತ್ರಿಯೆಲ್ಲ ಎದ್ದು ಮಂದೆ ಕಾಯುತ್ತಿದ್ದವರಿಗೆ. ಮುಂಬಯಿಯಲ್ಲಿ ಆ ಗಳಿಗೆಯಲ್ಲಿ ಎದ್ದು ಮಂದೆಯ ಜೊತೆ ಇರುವವರು ಯಾರೆಂದು ದೇವದೂತರು ವಿಳಾಸ ಕೇಳಿದರೆ, ಗೋರೆಗಾಂವ್‌ನ ಆರೇ ಕಾಲೊನಿಯ ತಬೇಲಾಗಳ ದಾರಿ ತೋರಿಸದೆ ಬೇರೆ ಉಪಾಯವಿಲ್ಲ. ಬೇಲಿಯಾಚೆ ತೋಳದ ಬದಲು ಸಂಜಯ ಗಾಂಧಿ ಉದ್ಯಾನದ ಚಿರತೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ಆ ಹಾಲು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಮುಂಬಯಿಯ ಮೂಲನಿವಾಸಿ ಕ್ಯಾಥೊಲಿಕರಾದ ಈಸ್ಟ್ ಇಂಡಿಯನ್ನರು (ಪಶ್ಚಿಮ ಕರಾವಳಿಯಲ್ಲಿ ಕೂತು 1887ರಲ್ಲಿ ವಿಕ್ಟೋರಿಯಾ ರಾಣಿಯ ಜುಬಿಲಿಯ ಹೊತ್ತಿಗೆ ತಮ್ಮನ್ನು ಪೂರ್ವದವರೆಂದು ಕರೆದುಕೊಂಡವರು, ಭೂಗೋಳದ ನಿಷ್ಠೆಯ ಬಗ್ಗೆ ಆಗಲೇ ಹೇಳಿದೆನಲ್ಲ), ಗೋವೆಯವರು, ನಮ್ಮ ಮಂಗಳೂರಿನವರು, ಎಲ್ಲರ ಕ್ರಿಸ್‌ಮಸ್ ತಟ್ಟೆಯಲ್ಲೂ ಮಿಲ್ಕ್ ಕ್ರೀಮ್ ಎಂಬ ಸಿಹಿಯೊಂದು ಇದ್ದೇ ಇರುತ್ತದೆ. ಗಟ್ಟಿ ಹಾಲನ್ನು ಸಕ್ಕರೆ, ಅರೆದ ಗೇರುಬೀಜದೊಂದಿಗೆ ದಪ್ಪ ತಳದ ಪಾತ್ರೆಯಲ್ಲಿ ಕೈ ಬಿಡದೆ ಮಗುಚಬೇಕು. ತಳ ಬಿಟ್ಟು ಉಂಡೆಯಾದ ಮೇಲೆ, ತುಪ್ಪ ಸವರಿದ ರಬ್ಬರ್ ಅಚ್ಚಿಗೆ ಒತ್ತಿ ಶಂಖ, ಮೀನು, ಗುಲಾಬಿ ಮಾಡಬೇಕು. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು 4 ಶೇಕಡಾ, ಎಮ್ಮೆಯದರಲ್ಲಿ 7ರ ಆಸುಪಾಸು. ಯಾವುದನ್ನು ಮಗುಚಿದರೆ ತೋಳು ಬೇಗ ಬಿಡುವಾಗುತ್ತದೆ ಎಂದು ಅಡುಗೆಮನೆಗೆ ಗೊತ್ತು. ಬಣ್ಣದ ಮಾತೂ ಇದೆ. ಹಸುವಿನ ಹಾಲಿಗೆ ಕೆರೋಟಿನ್ನಿನ ದೆಸೆಯಿಂದ ತುಸು ಅರಿಶಿನದ ಛಾಯೆ. ಎಮ್ಮೆ ಆ ಕೆರೋಟಿನ್ನನ್ನು ಒಳಗೇ ಎ ಜೀವಸತ್ವವಾಗಿ ಮಾರ್ಪಡಿಸಿ, ಹಾಲನ್ನು ಅಚ್ಚ ಬಿಳಿಯಾಗಿ ಕಳಿಸುತ್ತದೆ. ಬಿಳಿ ಕ್ರಿಸ್‌ಮಸ್ಸಿಗಾಗಿ ಹಂಬಲಿಸುವ ಈ ಊರಿನಲ್ಲಿ ಡಿಸೆಂಬರಿನ ಬಿಳುಪೆಂದು ನಿಜವಾಗಿ ಇಳಿಯುವುದು ಅದೊಂದೇ.

ಸರಕಾರವೂ ಇದನ್ನು ಅರಿತಿತ್ತು. ಬೊಂಬಾಯಿಗೆ ಹಾಲು ಸಾಲದೆ 1945ರಲ್ಲಿ ಖೇಡಾ ಜಿಲ್ಲೆಯ ಆಣಂದದಿಂದ ತರಿಸುವ ಏರ್ಪಾಡಾಯಿತು. ಆ ವ್ಯಾಪಾರದಲ್ಲಿ ತಮಗೆ ನ್ಯಾಯ ಸಿಗಲಿಲ್ಲವೆಂದು ಅಲ್ಲಿನ ರೈತರು ಸೆಟೆದು ನಿಂತದ್ದೇ 1946ರ ಡಿಸೆಂಬರ್ 14ರಂದು ನೋಂದಣಿಯಾದ ಖೇಡಾ ಸಹಕಾರಿ ಸಂಘಕ್ಕೆ ಮೂಲ. ಇವತ್ತಿನ ಅಮುಲ್‌ನ ತಾಯಿಬೇರು, ಅದೂ ಕ್ರಿಸ್‌ಮಸ್ಸಿಗೆ ಹನ್ನೊಂದು ದಿನ ಮೊದಲು. ಇತ್ತ ಬೊಂಬಾಯಿಯಲ್ಲಿ ದಾರಾ ಖುರೋಡಿ ಎಂಬ ಪಾರ್ಸಿ ಅಧಿಕಾರಿ ಓಣಿ ಓಣಿಯ ತಬೇಲಾಗಳಲ್ಲಿದ್ದ ಎಮ್ಮೆಗಳನ್ನು ಗೋರೆಗಾಂವ್‌ನ ಗುಡ್ಡಗಳಿಗೆ ಒಯ್ಯುವ ಯೋಜನೆ ಹಾಕಿದರು. 1949ರಲ್ಲಿ ಹುಟ್ಟಿದ ಆರೇ ಕಾಲೊನಿಗೆ 1951ರಲ್ಲಿ ನೆಹರೂ ಬಂದು ಸಸಿ ನೆಟ್ಟರು. 3,000 ಎಕರೆಗೂ ಮಿಕ್ಕ ಜಾಗ, 16,000ದಷ್ಟು ರಾಸುಗಳು. ಮುಂಬಯಿಯಲ್ಲಿ ಅಷ್ಟು ಜಾಗ ಯಾವ ಮಂತ್ರಿಗೂ ದಕ್ಕಿಲ್ಲ. ಎಮ್ಮೆಹಾಲು ತೀರಾ ಗಟ್ಟಿಯೆಂದು, ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ನೀರನ್ನೂ ಬೆರೆಸಿ ಬಡವರಿಗೆ ಎಟಕುವ ಟೋನ್ಡ್ ಹಾಲು ಮಾಡಿದವರೂ ಖುರೋಡಿಯೇ. ಹಾಲಿಗೆ ನೀರು ಹಾಕಿದ ಭಯ್ಯಾನಿಗೆ ಬೈಗುಳ, ಲೆಕ್ಕ ಇಟ್ಟು ಹಾಕಿದವರಿಗೆ 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ: ತಾರತಮ್ಯ ಕಂಡರೂ ಫಲ ಒಳ್ಳೆಯದಾದ್ದರಿಂದ ಸುಮ್ಮನಿರೋಣ. ಅದೇ ಪ್ರಶಸ್ತಿಯನ್ನು ಅವರೊಂದಿಗೆ ಹಂಚಿಕೊಂಡವರು ಖೇಡಾ ಸಂಘದ ಕುರಿಯನ್ ಮತ್ತು ತ್ರಿಭುವನದಾಸ ಪಟೇಲ್. ಎಮ್ಮೆಹಾಲನ್ನು ಪುಡಿ ಮಾಡಲಾಗದು ಎಂದು ಪಶ್ಚಿಮದ ಪಂಡಿತರು ತಲೆಯಾಡಿಸುತ್ತಿದ್ದಾಗ ಆಣಂದದಲ್ಲಿ ಎಚ್. ಎಂ. ದಲಾಯ ಮಾಡಿ ತೋರಿಸಿದರು; 1955ರಲ್ಲಿ ಕಾರ್ಖಾನೆಯೇ ಎದ್ದಿತು. ಮೂವರು ಜ್ಞಾನಿಗಳು ಪೂರ್ವದಿಂದ ಬಂದವರೆಂಬ ಮಾತು ನೆನಪಾದರೆ ನನ್ನ ತಪ್ಪಲ್ಲ.

ಗಟ್ಟಿ ವಿರೋಧ ಬರುವುದು ಚರ್ಚಿನ ಕಡೆಯಿಂದಲ್ಲ, ನಮ್ಮ ಕಡೆಯಿಂದಲೇ. ಎಮ್ಮೆಯೆಂದರೆ ಅಪಶಕುನ, ಯಮನ ವಾಹನದ ಬಳಗ, ಮಹಿಷಾಸುರನ ಮನೆತನ, ಮಗು ಹುಟ್ಟಿದ ಮನೆಗೆ ಅದನ್ನು ಕರೆಯುವುದೇ? ಯಮನದು ಕೋಣ ಸ್ವಾಮಿ, ಗಂಡು. ಗಂಡಸಿನ ನೌಕರಿಗೆ ಹೆಂಗಸನ್ನು ಹೊಣೆ ಮಾಡಬಾರದು. ಮಹಿಷನ ಹೆಸರಿನಲ್ಲಿ ಮೈಸೂರೆಂಬ ಊರನ್ನೇ ಕಟ್ಟಿಕೊಂಡು ದಸರಾ ಮಾಡುವವರು ನಾವು. ಆದರೂ ಕನ್ನಡದ ಗಾದೆಗಳು ಈ ಪ್ರಾಣಿಯ ಮೇಲೆ ನಡೆಸಿದ ಅನ್ಯಾಯಕ್ಕೆ ಲೆಕ್ಕವಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದರೆ ಅದು ಕದಲುವುದಿಲ್ಲವೆಂದು ದಡ್ಡನಿಗೆ ಹೋಲಿಸುತ್ತೇವೆ. ಮಳೆಯಲ್ಲಿ ತಣಿಯುವ ಮೈ ಯಾಕೆ ಕದಲಬೇಕು? ಕದಲಿ ಓಡಿ ಸೂರು ಹುಡುಕುವ ನಾವು ಜುಲೈಯಲ್ಲಿ ಕುರ್ಲಾ ಸ್ಟೇಷನ್ನಿನಲ್ಲಿ ಸೊಂಟದ ತನಕ ನೀರಲ್ಲಿ ನಿಂತಿರುತ್ತೇವೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದನ್ನು ಕೋಣದ ತಪ್ಪೆಂದೇ ಬಗೆದಿದ್ದೇವೆ. ಬಾರಿಸಿದವನ ಶ್ರುತಿ ಹೇಗಿತ್ತೆಂದು ಯಾರೂ ವಿಚಾರಿಸಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಂತೂ ಅಪರಾಧವನ್ನು ತಾನೇ ಒಪ್ಪಿಕೊಂಡಿದೆ. ಗೋದಲಿಯಲ್ಲೂ ನಡೆದಿರುವುದು ಅದೇ: ದುಡಿದದ್ದು ಎಮ್ಮೆ, ಮೂರ್ತಿ ಎತ್ತಿಗೆ.

ಕೊನೆಯದು ನಾಗರಿಕರ ತಕರಾರು. ಇದನ್ನು ನಗುತ್ತಾ ದಾಟುವಂತಿಲ್ಲ. ತಬೇಲಾ ಗಲೀಜು, ಸೆಗಣಿ ಚರಂಡಿಗೆ ಹರಿಯುತ್ತದೆ, ಸೊಳ್ಳೆ, ನಾತ. ಎಮ್ಮೆಯನ್ನು ಹಗಲೂ ರಾತ್ರಿ ಕಟ್ಟಿಯೇ ಇಡುತ್ತಾರೆ. ಗಂಡು ಕರು ಹುಟ್ಟಿದರೆ ಅದರ ಪಾಲಿಗೆ ಹಾಲೂ ಇಲ್ಲ, ಆಯುಸ್ಸೂ ಇಲ್ಲ. ಎಲ್ಲವೂ ನಿಜ. ತಬೇಲಾವನ್ನು ಸ್ವರ್ಗವೆಂದು ಬಣ್ಣಿಸುವ ಉಮೇದು ನನಗಿಲ್ಲ. ಪಾಲ್ಘರ್ ಜಿಲ್ಲೆಯ ದಾಪಚರಿಗೆ ಎಮ್ಮೆಗಳನ್ನು ಸಾಗಿಸಬೇಕೆಂಬ ಮಾತಿಗೆ ನರೆ ಬಂದಿದೆ. ಜೋಗೇಶ್ವರಿ, ಗೋರೆಗಾಂವ್‌ಗಳಲ್ಲಿ ಉಳಿದ ತಬೇಲಾಗಳ ಸುತ್ತ ಗೋಪುರಗಳು ಎದ್ದು, ಇಪ್ಪತ್ತನೆಯ ಮಹಡಿಯ ಕಿಟಕಿಗಳು ಕೆಳಗಿನ ಸೆಗಣಿಯ ಮೇಲೆ ದೂರು ಬರೆಯುತ್ತವೆ. ಮೊದಲು ಬಂದದ್ದು ಸೆಗಣಿಯೋ ಕಿಟಕಿಯೋ ಎಂಬ ಪ್ರಶ್ನೆ ಆ ದೂರಿನಲ್ಲಿರುವುದಿಲ್ಲ. ಆದರೆ ಅಷ್ಟೇ ಗಲೀಜಾದ ಕೊಟ್ಟಿಗೆಯೊಂದರ ಹಬ್ಬವನ್ನಲ್ಲವೇ ಡಿಸೆಂಬರಿನಲ್ಲಿ ಆಚರಿಸುತ್ತಿರುವುದು? ಊರೊಳಗೆ ತಂಗಲು ಜಾಗ ಸಿಗದ ದಂಪತಿಗೆ ದನದ ಪಕ್ಕದಲ್ಲಿ ಒಂದು ಮೂಲೆ ಸಿಕ್ಕಿತು ಎಂಬ ಕಥೆ ಮುಂಬಯಿಯವರಿಗೆ ಟಿಪ್ಪಣಿ ಇಲ್ಲದೆ ಅರ್ಥವಾಗುವ ಕಥೆ. ಪಗಡಿ, ಡಿಪಾಸಿಟ್ಟು, ಹನ್ನೊಂದು ತಿಂಗಳ ಕರಾರು ನೋಡಿದವರು ಜೋಸೆಫನ ಮುಖ ನೋಡಿದೊಡನೆ ಗುರುತು ಹಿಡಿಯುತ್ತಾರೆ. ನಾವು ಗೋದಲಿಯನ್ನು ಒಪ್ಪವಾಗಿ ಗುಡಿಸಿ, ಹುಲ್ಲಿಗೆ ಮಿಂಚು ಪುಡಿ ಎರಚಿ, ನಾತ ತೆಗೆದಿಟ್ಟಿದ್ದೇವೆ. ಎಮ್ಮೆಯೊಂದು ಅಲ್ಲಿ ಬಂದು ನಿಂತರೆ ಕೊಟ್ಟಿಗೆ ಮತ್ತೆ ಕೊಟ್ಟಿಗೆಯಾಗುವ ಸಂಭವವುಂಟು, ಗಂಡು ಕರುವಿನ ನೆನಪಾದರೂ ಆಗುವ ಸಂಭವವುಂಟು. ಪ್ಯಾಕೆಟ್ಟು ಹಾಲು ಬಂದ ಮೇಲೆ ತಬೇಲಾ ಯಾರಿಗೆ ಬೇಕು ಎನ್ನುವವರಿಗೆ ಒಂದೇ ಮಾತು: 2023ರ ಮಾರ್ಚಿನಲ್ಲಿ ತಬೇಲಾ ಮಾಲೀಕರು ಸಗಟು ಎಮ್ಮೆಹಾಲಿನ ದರವನ್ನು ಲೀಟರಿಗೆ 80ರಿಂದ 85 ರೂಪಾಯಿಗೆ ಏರಿಸಿದಾಗ ಎಷ್ಟು ಅಡುಗೆಮನೆಗಳಿಂದ ನಿಟ್ಟುಸಿರು ಕೇಳಿಸಿತೆಂದು ನೆನಪಿಸಿಕೊಳ್ಳಲಿ. ಬೇಡವಾದ ಸರಕಿನ ಬೆಲೆ ಏರಿದರೆ ಯಾರೂ ನಿಟ್ಟುಸಿರು ಬಿಡುವುದಿಲ್ಲ.

ಇಷ್ಟು ಒಪ್ಪಿದ ಮೇಲೆ ಉಳಿಯುವುದು ತಳಿಯ ಜಗಳ. ಜಾಫರಾಬಾದಿಯ ಕೊಂಬು ಕತ್ತಿನ ಎರಡೂ ಕಡೆ ಜೋತುಬಿದ್ದು, ಗಂಭೀರವಾಗಿ, ನಿವೃತ್ತ ನ್ಯಾಯಾಧೀಶರ ಕಳೆ ಕೊಡುತ್ತದೆ. ಗೋದಲಿಯ ಸೂರಿಗೆ ಮಾತ್ರ ಅದು ತೀರಾ ದೊಡ್ಡದು. ಸುರತಿಯ ಕುಡುಗೋಲು ಕೊಂಬು ಮಗುವಿನ ಹತ್ತಿರ ಬೇಡ. ನನ್ನ ಮತ ಮುರ್ರಾಗೆ. ಆ ಹೆಸರೇ ಸುರುಳಿಯನ್ನು ಹೇಳುತ್ತದೆ. ಕೊಂಬು ಕಿವಿಯ ಮೇಲೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಯಾರಿಗೂ ತಾಗುವುದಿಲ್ಲ. ಅಚ್ಚು ಮಾಡುವವರಿಗೆ ಕಷ್ಟವಾದೀತು ಎನ್ನುವವರು ಕ್ರಿಸ್‌ಮಸ್ಸಿಗೆ ವಾರವಿರುವಾಗ ಬಾಂದ್ರಾದ ಯಾವುದಾದರೂ ಅಡುಗೆಮನೆಯ ಮೇಜನ್ನು ನೋಡಬೇಕು. ಮಕ್ಕಳೆಲ್ಲ ಸುತ್ತ ಕೂತು, ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆದು ಸುರುಳಿ ಸುತ್ತಿ ಕರಿಯಲು ಹಾಕುತ್ತಾರೆ. ಮುಂಬಯಿಯಲ್ಲಿ ಅದರ ಹೆಸರು ಕುಲ್‌ಕುಲ್. ಮಂಗಳೂರಿನ ಕೊಂಕಣಿಯಲ್ಲಿ ಕಿಡ್ಯೊ, ಅಂದರೆ ಹುಳು. ಮೇಲೆ ಉದ್ದಕ್ಕೂ ಗೀರು, ತುದಿ ಒಳಕ್ಕೆ ಸುತ್ತಿದ್ದು: ಅದು ಹುಳುವೂ ಅಲ್ಲ, ಶಂಖವೂ ಅಲ್ಲ, ಮುರ್ರಾ ಎಮ್ಮೆಯ ಕೊಂಬು. ಡಬ್ಬಿಗಟ್ಟಲೆ ಮಾಡಿಟ್ಟಿದ್ದಾರೆ. ಇನ್ನು ಬೇಕಾಗಿರುವುದು ಹಿಂದಿನ ಎಮ್ಮೆಯೊಂದೇ.